ಬೀದಿಗಿಳಿದ ಡ್ರೈವರು

ರಸ್ತೆ ದಾಟುವಾಗ ಅವರು ಬಲಗೈಯನ್ನು ಪೂರ್ತಿ ಹೊರಗೆ ಚಾಚುತ್ತಿದ್ದರು. ಹಿಂದೆಲ್ಲ ಬಸ್ಸಿನ ಡ್ರೈವರುಗಳು ಕಿಟಕಿಯಿಂದ ಕೈ ಹೊರಹಾಕಿ ಹಿಂದಿನ ಗಾಡಿಗೆ ಸೂಚನೆ ಕೊಡುತ್ತಿದ್ದರಲ್ಲ, ಥೇಟ್ ಹಾಗೆ. ಬೈಕಿನ ಹುಡುಗರು ಅದನ್ನು ಕಂಡು ನಗುತ್ತಿದ್ದರು. ನಕ್ಕರೂ ಬ್ರೇಕು ಹಾಕುತ್ತಿದ್ದರು. ‘ನಗ್ಲಿ ಬಿಡ್ರಿ ಮೇಷ್ಟ್ರೇ, ನಗಾಕಾದ್ರೂ ಗಾಡಿ ನಿಧಾನ ಮಾಡ್ತಾರಲ್ಲ’ ಎನ್ನುತ್ತಿದ್ದರು ಅವರು ನನಗೆ.

ಹೋದ ತಿಂಗಳು ಅವರು ತೀರಿಕೊಂಡರು. ಹೆಸರು ಬರೆಯುವುದಿಲ್ಲ. ಚಿತ್ರದುರ್ಗದ ನಮ್ಮ ಬೀದಿಯಲ್ಲೂ ಅವರನ್ನು ಯಾರೂ ಹೆಸರು ಹಿಡಿದು ಕರೆದವರಲ್ಲ. ಹೊಳಲ್ಕೆರೆ ಮೇಲೆ ಹೊಸದುರ್ಗಕ್ಕೆ ಹೋಗುವ ಸರ್ಕಾರಿ ಬಸ್ಸನ್ನು ಬಹಳ ವರ್ಷ ಓಡಿಸಿದ್ದರಿಂದ ಹೊಸದುರ್ಗದ ಗಾಡಿ ಡ್ರೈವರು ಎಂದೇ ಅವರ ಗುರುತು. ನನ್ನ ತಾಯಿಗೆ ಮಾತ್ರ ಅವರು ‘ಡ್ರೈವರಪ್ಪ’.

ನೆರೆಯವರಾಗುವ ಮೊದಲೇ ನನಗೆ ಅವರ ಪರಿಚಯವಿತ್ತು. ನಾನು ಹೊಳಲ್ಕೆರೆಯ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಾಗ ದಿನಾ ಬೆಳಿಗ್ಗೆ ಹೋಗುತ್ತಿದ್ದುದು ಅವರ ಬಸ್ಸಿನಲ್ಲೇ. ನಡುವೆ ಒಂದು ಹಳ್ಳಿಯ ನಿಲ್ದಾಣದಲ್ಲಿ ಹಳೆಯ ಕಲ್ಲುಕಟ್ಟೆಯಿತ್ತು. ಬಸ್ಸಿನ ಬಾಗಿಲು ಸರಿಯಾಗಿ ಆ ಕಟ್ಟೆಗೆ ತಾಗುವ ಹಾಗೆ ತಂದು ನಿಲ್ಲಿಸುತ್ತಿದ್ದರು. ಕಟ್ಟೆಯ ಮೇಲೆ ನಿಂತ ಮುದುಕಿಯರು ಕಾಲೆತ್ತುವ ಕೆಲಸವಿಲ್ಲದೆ ಒಳಗೆ ಬಂದುಬಿಡುತ್ತಿದ್ದರು. ಅವರೆಲ್ಲ ಸೀಟಿನಲ್ಲಿ ಕೂತದ್ದು ಕನ್ನಡಿಯಲ್ಲಿ ಕಾಣುವವರೆಗೆ ಗಾಡಿ ಮುಂದಕ್ಕೆ ಹೋಗುತ್ತಿರಲಿಲ್ಲ. ಕಂಡಕ್ಟರ್ ಎಷ್ಟು ಸೀಟಿ ಊದಿದರೂ ಅಷ್ಟೇ.

‘ರೈಟ್ ಅಂದೆ ಕಣಣ್ಣ, ಹೋಗಾಣ’ ಎಂದು ಒಂದು ದಿನ ಕಂಡಕ್ಟರ್ ಹಿಂದಿನಿಂದ ಕೂಗಿದ.

‘ನೀನು ರೈಟ್ ಅಂದೆ. ಆ ಅಜ್ಜಿ ಇನ್ನೂ ಅಂದಿಲ್ಲ’ ಎಂದರು ಇವರು.

ಮೊದಲ ಪೀರಿಯಡ್ಡಿಗೆ ಹೊತ್ತಾಗುತ್ತದೆಂದು ನಮಗೆಲ್ಲ ಚಡಪಡಿಕೆ. ಯಾರೋ ಒಬ್ಬರು ಗೊಣಗಿದಾಗ ಅವರು ತಿರುಗಿಯೂ ನೋಡದೆ ಹೇಳಿದ ಮಾತು ಇದು: ‘ನಮ್ಮಪ್ಪ ಕುರಿ ಕಾಯ್ತಿದ್ದ. ಹಿಂಡು ನಡಿಯಾದು ಹಿಂದಿನ ಕುರಿ ನಡಿಗೇಲಿ, ಮುಂದಿನ ಟಗರಿನ ನಡಿಗೇಲಲ್ಲ ಅಂತಿದ್ದ. ಟಗರಿಗೆ ಅರ್ಜೆಂಟ್ ಇದ್ರೆ ಇಳ್ದು ನಡ್ಕಂಡು ಹೋಗ್ಲಿ.’

ಇಷ್ಟು ಕೇಳಿ ಅವರು ಶಾಂತ ಸ್ವಭಾವದವರು ಎಂದುಕೊಳ್ಳಬಾರದು. ಮೂಗಿನ ತುದಿಯಲ್ಲೇ ಕೋಪ. ಬೇರೆಯವರು ಓಡಿಸುವ ಗಾಡಿಯಲ್ಲಿ ಕೂರುವುದು ಅವರಿಗೆ ಶಿಕ್ಷೆ. ಒಂದು ಮದುವೆಗೆಂದು ನನ್ನ ಕಾರಿನಲ್ಲಿ ಕರೆದುಕೊಂಡು ಹೋದಾಗ ದಾರಿಯುದ್ದಕ್ಕೂ ಇಲ್ಲದ ಬ್ರೇಕನ್ನು ಬಲಗಾಲಿನಿಂದ ತುಳಿದರು. ಊಟದ ಹೊತ್ತಿಗೆ ಕಾಲು ನೋವೆಂದು ಕುಂಟುತ್ತಿದ್ದರು.

ಸರ್ವೀಸಿನ ಕೊನೆಗಾಲದಲ್ಲಿ ಅವರ ಕಣ್ಣು ಕೈಕೊಟ್ಟಿತು. ಎದುರಿಗಿರುವುದು ಕಾಣುತ್ತಿತ್ತು, ಅಕ್ಕಪಕ್ಕದ್ದು ಕಾಣುತ್ತಿರಲಿಲ್ಲ. ಕಣ್ಣಿನೊಳಗಿನ ಒತ್ತಡದಿಂದ ನರ ಒಣಗಿದೆ, ಹೋದ ದೃಷ್ಟಿ ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಬಹುದು ಎಂದರಂತೆ ಡಾಕ್ಟರು. ಸ್ಟೀರಿಂಗ್ ಬಿಡಿಸಿ ಡಿಪೋದಲ್ಲಿ ಕೂರುವ ಕೆಲಸ ಕೊಟ್ಟರು. ಅಲ್ಲಿಂದಲೇ ನಿವೃತ್ತರಾದರು. ‘ಎಲ್ಡೂ ಕಡೆ ಕನ್ನಡಿ ಒಡ್ದೋದ ಗಾಡಿ ಆಗೀನಿ ನಾನು’ ಎಂದು ಒಮ್ಮೆ ನನ್ನೆದುರು ಹೇಳಿದರು. ಆ ವಿಷಯದಲ್ಲಿ ಅವರು ಕೊರಗಿದ್ದನ್ನು ಮತ್ತೆ ನಾನು ಕೇಳಲಿಲ್ಲ.

ಅಷ್ಟರಲ್ಲಿ ಅವರು ನಮ್ಮ ಪಕ್ಕದ ಮನೆ ಕೊಂಡು ಬಂದಿದ್ದರು. ನಮ್ಮ ಬೀದಿ ಹೇಗಿತ್ತೆಂದು ಇಲ್ಲಿ ಸ್ವಲ್ಪ ಹೇಳಬೇಕು. ಮಣ್ಣಿನ ರಸ್ತೆ ಹೋಗಿ ಡಾಂಬರು ಬಂತು, ಡಾಂಬರಿನ ಮೇಲೆ ಕಾಂಕ್ರೀಟು ಬಂತು. ಪ್ರತಿ ಸಲವೂ ರಸ್ತೆಯ ಮಟ್ಟ ಬದಲಾಯಿತು. ಅದಕ್ಕೆ ತಕ್ಕಂತೆ ಒಬ್ಬೊಬ್ಬರೂ ತಮ್ಮ ಮನೆ ಮುಂದೆ ತಮಗೆ ತೋಚಿದ್ದು ಕಟ್ಟಿಕೊಂಡರು. ಒಬ್ಬರದು ಕಾರು ಹತ್ತಿಸಲು ಇಳಿಜಾರು, ಇನ್ನೊಬ್ಬರದು ಗ್ರಾನೈಟಿನ ಮೆಟ್ಟಿಲು, ಮತ್ತೊಬ್ಬರದು ಹೂವಿನ ಕುಂಡಗಳ ಸಾಲು. ಎಲ್ಲವೂ ಚರಂಡಿಯ ಚಪ್ಪಡಿಗಳ ಮೇಲೆಯೇ, ಅಂದರೆ ಜನ ನಡೆಯಬೇಕಾದ ಜಾಗದಲ್ಲೇ. ಉಳಿದ ಕಡೆ ಚಪ್ಪಡಿ ಒಡೆದು ಚರಂಡಿ ಬಾಯಿ ಬಿಟ್ಟುಕೊಂಡಿತ್ತು. ಪ್ರಾಯದವರು ರಸ್ತೆಯ ನಡುವೆ ನಡೆದು ಹೋಗುತ್ತಿದ್ದರು. ವಯಸ್ಸಾದವರು ಮೊದಲು ಪೇಟೆಗೆ ಹೋಗುವುದನ್ನು ಬಿಟ್ಟರು, ಆಮೇಲೆ ಮೂಲೆಯ ಆಂಜನೇಯನ ಗುಡಿಗೆ ಹೋಗುವುದನ್ನು ಬಿಟ್ಟರು, ಕೊನೆಗೆ ಗೇಟಿನವರೆಗೆ ಬರುವುದನ್ನೂ ಬಿಟ್ಟರು. ಯಾರೂ ಅವರಿಗೆ ಬೇಡ ಎಂದಿರಲಿಲ್ಲ. ಒಬ್ಬರು ಬಿದ್ದು ಸೊಂಟ ಮುರಿದುಕೊಂಡ ಸುದ್ದಿಯೇ ಉಳಿದವರಿಗೆ ಸಾಕಾಗಿತ್ತು. ನನ್ನ ತಾಯಿಯೂ ಮಂಡಿನೋವು ಬಂದಮೇಲೆ ಜಗಲಿಯ ಕುರ್ಚಿಗೆ ಸೇರಿದರು. ವಯಸ್ಸಾದ ಮೇಲೆ ಹೀಗೇ ಅಲ್ಲವೇ ಎಂದು ನಾವೂ ಅದನ್ನು ಸಹಜವೆಂದೇ ತಿಳಿದಿದ್ದೆವು.

ಒಂದು ಸಂಜೆ ಡ್ರೈವರು ನಮ್ಮ ಜಗಲಿಗೆ ಬಂದು ಕೂತಿದ್ದರು. ತಾಯಿ ಮೊಬೈಲಿನಲ್ಲಿ ಮಾತಾಡುತ್ತಿದ್ದರು. ಮಾತು ಮುಗಿಯುವ ಸೂಚನೆಯೇ ಇರಲಿಲ್ಲ. ಹುಣಸೆಹಣ್ಣಿನ ವಿಷಯ, ಸೊಸೆಯ ಬಾಣಂತನದ ವಿಷಯ, ಸಕ್ಕರೆ ಕಾಯಿಲೆಯ ಮಾತ್ರೆಯ ವಿಷಯ.

ಫೋನ್ ಇಟ್ಟಮೇಲೆ ಡ್ರೈವರು ಕೇಳಿದರು. ‘ಯಾವೂರಿಗಕ್ಕ ಫೋನು? ತಂಗೀಗಾ?’

‘ಊರೆಲ್ಲಿ ಬಂತಪ್ಪ. ಇಲ್ಲೇ, ಮಂಡಿ ಸಾವ್ಕಾರ್ರ ಹೆಂಡ್ತಿ’ ಎಂದರು ತಾಯಿ.

ಮಂಡಿ ಸಾವ್ಕಾರರೆಂದರೆ ಹಿರಿಯೂರಿನಲ್ಲಿ ತೆಂಗಿನಕಾಯಿ ಮಂಡಿ ನಡೆಸಿ, ವ್ಯಾಪಾರ ಮಕ್ಕಳಿಗೆ ಬಿಟ್ಟು ಬಂದು ನೆಲೆಸಿದವರು. ಅವರ ಮನೆ ನಮ್ಮ ಸಾಲಿನಲ್ಲೇ, ನಾಲ್ಕು ಮನೆ ಆಚೆ.

ಡ್ರೈವರು ಜೋರಾಗಿ ನಕ್ಕರು. ‘ನಾಕು ಮನೆ ಆಚೀಗೆ ಫೋನ್ ಏನಕ್ಕ? ಹೋಗಿ ಕುಂತ್ಕಂಡು ಮಾತಾಡಾಕೇನು?’

‘ಹೆಂಗೆ ಹೋಗ್ಲಿ ಹೇಳು. ಮಧ್ಯ ಆ ಇಳಿಜಾರು ಹತ್ತಿ ಇಳೀಬೇಕು, ಚರಂಡಿ ದಾಟ್ಬೇಕು. ರೋಡಿಗೆ ಇಳಿದ್ರೆ ಬೈಕ್ನೋರು ಬರ್ತಾರೆ. ಆಕೀಗೆ ಕಾಲಾಗೆ ಶಕ್ತಿ ಇಲ್ಲ, ನಂಗೆ ಧೈರ್ಯ ಇಲ್ಲ. ಮುಖ ನೋಡಿ ಎಲ್ಡು ವರ್ಷ ಆತು.’

ಡ್ರೈವರ ನಗು ನಿಂತಿತು. ಎದ್ದು ಹೋಗಿ ಗೇಟಿನ ಬಳಿ ನಿಂತು, ತಲೆಯನ್ನು ನಿಧಾನವಾಗಿ ಅತ್ತಿಂದಿತ್ತ ತಿರುಗಿಸುತ್ತ ಬೀದಿಯನ್ನು ನೋಡಿದರು. ಅವರ ಕಣ್ಣಿಗೆ ಏನಾದರೂ ಪೂರ್ತಿ ಕಾಣಬೇಕಾದರೆ ಹಾಗೆ ತಿರುಗಿಸಿಯೇ ನೋಡಬೇಕಿತ್ತು. ಕಾಫಿಗೂ ಕಾಯದೆ ಹೊರಟುಹೋದರು.

ಮರುದಿನ ಬೆಳಿಗ್ಗೆ ಅವರ ಮನೆ ಮುಂದೆ ಸುತ್ತಿಗೆಯ ಸದ್ದು. ಗಾರೆಯವನನ್ನು ಕರೆಸಿ ತಮ್ಮದೇ ಮನೆಯ ಇಳಿಜಾರನ್ನು ಒಡೆಸುತ್ತಿದ್ದರು. ಅವರ ಹೆಂಡತಿ ಬಾಗಿಲಲ್ಲಿ ನಿಂತು, ‘ಕಟ್ಟಿಸಿದೋರು ನೀವೇ, ಕೆಡವಾರೂ ನೀವೇ’ ಎಂದು ಬೈಯುತ್ತಿದ್ದರು. ಅದರ ಬದಲು ಗೇಟಿನೊಳಗೆ ಒಂದು ಮೆಟ್ಟಿಲು ಕಟ್ಟಿಸಿದರು. ಅದು ಎಷ್ಟು ಎತ್ತರವಾಯಿತೆಂದರೆ ಆಕೆಗೆ ಹತ್ತಲಾಗಲಿಲ್ಲ. ‘ಇದೇನ್ರಿ, ಬಸ್ ಹತ್ತಿದಂಗೆ ಆಗ್ತೈತೆ. ಊರಿಗೆಲ್ಲ ಹಾದಿ ಮಾಡಾಕೆ ಹೋಗಿ ನನ್ನ ಮನ್ಯಾಗೆ ಕೂರಿಸಿದ್ರಲ್ಲ!’ ಎಂದು ಆಕೆ ಬೀದಿಗೆಲ್ಲ ಕೇಳುವ ಹಾಗೆ ಹೇಳಿದರು. ಮೆಟ್ಟಿಲನ್ನು ಮತ್ತೆ ಒಡೆದು, ಎರಡು ಮಾಡಿ, ಪಕ್ಕಕ್ಕೆ ಹಿಡಿದುಕೊಳ್ಳಲು ಕಬ್ಬಿಣದ ಕಂಬಿ ನೆಡಿಸಿದರು.

ಆಮೇಲೆ ಮನೆಮನೆಗೆ ಹೋಗತೊಡಗಿದರು. ಭಾಷಣ ಅವರಿಗೆ ಬರುತ್ತಿರಲಿಲ್ಲ. ‘ಬರ್ರಿ, ಹಿಂಗೆ ಒಂದು ರೌಂಡ್ ಹೋಗಿಬರಾಣ. ನಂಗೆ ಸರಿಯಾಗಿ ಕಾಣಲ್ಲ, ಕೈ ಹಿಡ್ಕಳ್ರಿ’ ಎಂದು ಮನೆಯ ಯಜಮಾನನನ್ನೇ ಹೊರಡಿಸುತ್ತಿದ್ದರು. ರಸ್ತೆಗಿಳಿಯದೆ ಚರಂಡಿಯ ಅಂಚಿನಲ್ಲೇ ನಡೆಸುತ್ತಿದ್ದರು. ಕುರುಡನಾಗುತ್ತಿರುವ ಮನುಷ್ಯನ ಕೈ ಹಿಡಿದು, ಕುಂಡ ತಪ್ಪಿಸಿ, ಬೈಕು ತಪ್ಪಿಸಿ, ಇಳಿಜಾರು ಹತ್ತಿಸಿ ಇಳಿಸಿ ಹೋಗುವಷ್ಟರಲ್ಲಿ ಕೈ ಹಿಡಿದವರಿಗೇ ಬೆವರು. ತಿರುಗಿ ಬಂದಮೇಲೆ ಅವರು ಬೇರೇನನ್ನೂ ಕೇಳುತ್ತಿರಲಿಲ್ಲ. ‘ನಿಮ್ಮ ತಾಯಿಯವರನ್ನ ಹಿಂಗೇ ಒಂದ್ಸಲ ನಡೆಸಿ ನೋಡ್ರಿ’ ಎಂದು ಹೇಳಿ ಹೋಗುತ್ತಿದ್ದರು.

ಎಲ್ಲರೂ ಒಪ್ಪಲಿಲ್ಲ. ಎದುರು ಸಾಲಿನವರು ಖಡಾಖಂಡಿತವಾಗಿ ಇಲ್ಲವೆಂದರು. ನಮ್ಮ ಸಾಲಿನಲ್ಲಿ ಕಾರು ಇದ್ದವರ ತಕರಾರು ಹೆಚ್ಚು. ಇಳಿಜಾರನ್ನು ಗೇಟಿನ ಒಳಕ್ಕೆ ಸರಿಸಿದರೂ ಕಾರು ಹತ್ತುತ್ತದೆಂದು ಡ್ರೈವರು ವಾದಿಸಿದರು. ಒಬ್ಬರ ಮನೆಯಲ್ಲಿ ಹಾಗೆ ಮಾಡಿಸಿದಾಗ ಕಾರಿನ ತಳ ತಾಗಿ ದೊಡ್ಡ ರಂಪವಾಯಿತು. ಎರಡನೆಯ ಸಲ ಸರಿಹೋಯಿತು. ಹೀಗೆ ಒಂದು ಮಳೆಗಾಲ, ಒಂದು ಚಳಿಗಾಲ ಕಳೆಯಿತು.

ನಗರಸಭೆಗೂ ಹೋಗಿದ್ದರು, ಜೊತೆಗೆ ನನ್ನನ್ನೂ ಎಳೆದುಕೊಂಡು. ಅಲ್ಲಿದ್ದ ಇಂಜಿನಿಯರು ವಯಸ್ಸಿನಲ್ಲಿ ಚಿಕ್ಕವರು, ಮಾತಿನಲ್ಲಿ ನೇರ. ‘ನೋಡ್ರಿ ಸಾರ್, ನಾನು ಜೆಸಿಬಿ ತಂದು ಒಡೆಸಿದ್ರೆ ನಾಳೆ ಎಲ್ಲಾರೂ ಸೇರಿ ನನ್ನ ಮೇಲೇ ಬರ್ತಾರೆ. ನೀವೇ ಮಾತಾಡಿ ಜಾಗ ಬಿಡಿಸ್ರಿ. ಬಿಟ್ಟಷ್ಟು ಉದ್ದಕ್ಕೂ ಚಪ್ಪಡಿ ಹಾಕಿಸೋದು ನನ್ನ ಜವಾಬ್ದಾರಿ’ ಎಂದರು. ಮಾತಿಗೆ ತಪ್ಪಲಿಲ್ಲ. ಜಾಗ ಬಿಟ್ಟ ಮನೆಗಳ ಮುಂದೆಲ್ಲ ಹೊಸ ಚಪ್ಪಡಿ ಬಂದವು. ಒಂದು ಮನೆಯ ಮಟ್ಟದಿಂದ ಇನ್ನೊಂದಕ್ಕೆ ಕಾಲು ತಡವರಿಸದ ಹಾಗೆ ಸಿಮೆಂಟು ಹಾಕಿ ಸರಿಪಡಿಸಿದರು. ಆದರೆ ಹಾದಿ ಮಂಡಿ ಸಾವ್ಕಾರರ ಮನೆ ಹತ್ತಿರ ನಿಂತುಬಿಟ್ಟಿತು.

ಸಾವ್ಕಾರರು ಮನೆ ಮುಂದಿನ ಚಪ್ಪಡಿಗಳ ಮೇಲೆ ಎದೆಯೆತ್ತರದ ಕಬ್ಬಿಣದ ಗ್ರಿಲ್ ಹಾಕಿಸಿ ಒಳಗೆ ಕೈತೋಟ ಮಾಡಿಕೊಂಡಿದ್ದರು. ಮಲ್ಲಿಗೆ, ಕರಿಬೇವು, ಒಂದು ಸಂಪಿಗೆ. ದಿನಾ ಬೆಳಿಗ್ಗೆ ತಾವೇ ನೀರು ಹಾಕುತ್ತಿದ್ದರು. ಮನೆಯಿಂದ ಹೊರಬರಲು ಪಕ್ಕದಲ್ಲಿ ನೇರ ರಸ್ತೆಗಿಳಿಯುವ ಎತ್ತರದ ಮೆಟ್ಟಿಲುಗಳಿದ್ದವು.

‘ನನ್ನ ಮನೆ ಮುಂದೆ ನಾನು ಗಿಡ ಬೆಳಸಿದ್ರೆ ನಿಮಗೇನ್ರಿ ನೋವು?’ ಎಂದರು ಸಾವ್ಕಾರರು.

‘ಗಿಡಕ್ಕೆ ನಾನೇನೂ ಅಂದಿಲ್ಲ. ಮನುಷ್ಯರು ಎಲ್ಲಿ ನಡೀಬೇಕು ಅಂತ ಕೇಳ್ದೆ.’

‘ಇಷ್ಟು ದಿನ ಎಲ್ಲಿ ನಡೀತಿದ್ರೋ ಅಲ್ಲೇ.’

ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ಡ್ರೈವರಿಗೆ ಕೋಪ ನೆತ್ತಿಗೇರಿತು. ‘ನಡೀತಿದ್ರು ಅಂತೀರಲ್ಲ, ನಿಮ್ಮ ಮನೆಯೋರು ಹೊರಗೆ ಬಂದು ಎಷ್ಟು ದಿನ ಆತು? ಹೆಂಡ್ರನ್ನ ಜೈಲ್ನಾಗೆ ಇಟ್ಟಂಗೆ ಇಟ್ಟೀರಿ!’ ಎಂದುಬಿಟ್ಟರು.

ಸಾವ್ಕಾರರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಡ್ರೈವರು ನಮ್ಮ ಜಗಲಿಗೆ ಬಂದು ಕೂತರು. ‘ಕೆಲಸ ಕೆಡಿಸ್ಕಂಡೆ ಮೇಷ್ಟ್ರೇ. ಬಾಯಿಗೆ ಬ್ರೇಕಿಲ್ಲ ನಂಗೆ’ ಎಂದರು. ಕ್ಷಮೆ ಕೇಳಲು ಎರಡು ಸಲ ಹೋದರು. ಬಾಗಿಲು ತೆರೆಯಲಿಲ್ಲ.

ಆದರೂ ಅಷ್ಟರಮಟ್ಟಿಗೆ ಹಾದಿಯಾಗಿತ್ತಲ್ಲ. ಒಂದು ಬೆಳಿಗ್ಗೆ ನನ್ನ ತಾಯಿ ಕೋಲು ಹಿಡಿದು, ಗೋಡೆಯ ಮೇಲೆ ಕೈಯಾಡಿಸುತ್ತ, ಆ ಗ್ರಿಲ್ಲಿನವರೆಗೆ ನಡೆದು ಹೋದರು. ನಾನು ಹಿಂದೆ ಹೊರಟರೆ ‘ನೀನು ಬರಬ್ಯಾಡ’ ಎಂದರು. ಒಳಗಿನಿಂದ ಸಾವ್ಕಾರರ ಹೆಂಡತಿ ಬಂದು ಗ್ರಿಲ್ಲಿನ ಆಚೆ ನಿಂತರು. ತಾಯಿಗೆ ಅಲ್ಲಿಂದ ರಸ್ತೆಗಿಳಿದು ಆ ಮೆಟ್ಟಿಲು ಹತ್ತಲಾಗದು. ಆಕೆಗೆ ಮೆಟ್ಟಿಲು ಇಳಿಯಲಾಗದು. ಕಂಬಿಯ ಎರಡೂ ಕಡೆ ನಿಂತು ಮಾತಾಡಿದರು. ಮಾರನೆಯ ದಿನ ಡ್ರೈವರು ನಮ್ಮ ಮನೆಯ ಪ್ಲಾಸ್ಟಿಕ್ ಕುರ್ಚಿಯೊಂದನ್ನು ಹೊತ್ತೊಯ್ದು ಈಚೆಗೆ ಇಟ್ಟರು. ಆಚೆಗೆ ಆಕೆಯೂ ಒಂದು ಕುರ್ಚಿ ಹಾಕಿಸಿಕೊಂಡರು. ದಿನಾ ಬಿಸಿಲೇರುವವರೆಗೆ ಅವರ ಮಾತು. ದಾರಿಯಲ್ಲಿ ಹೋಗುವವರೆಲ್ಲ ಒಮ್ಮೆ ನಿಂತು ನೋಡಿ ಹೋಗುತ್ತಿದ್ದರು. ಸಾವ್ಕಾರರು ಅದೇ ಹೊತ್ತಿಗೆ ಪೈಪು ಹಿಡಿದು ಗಿಡಗಳಿಗೆ ನೀರು ಬಿಡುತ್ತಿದ್ದರು. ಯಾರನ್ನೂ ತಡೆಯಲಿಲ್ಲ, ಯಾರ ಮುಖವನ್ನೂ ನೋಡಲಿಲ್ಲ.

ಯಾವುದೋ ಹಬ್ಬದ ಮಾರನೆಯ ದಿನ ಆಕೆ ನನ್ನ ತಾಯಿಗೆಂದು ಒಂದು ಬಟ್ಟಲು ಶಾವಿಗೆ ಪಾಯಸ ತಂದರು. ಕೈಯೆತ್ತಿ ಗ್ರಿಲ್ಲಿನ ಮೇಲಿನಿಂದ ಕೊಡಲು ಆಕೆಯ ಭುಜ ಏಳಲಿಲ್ಲ. ಕಂಬಿಗಳ ನಡುವೆ ಬಟ್ಟಲು ತೂರಲಿಲ್ಲ. ‘ಏನ್ರೀ, ಇದನ್ನ ಅವರಿಗೆ ಕೊಡ್ರಿ’ ಎಂದು ಗಂಡನನ್ನು ಕರೆದರು. ಸಾವ್ಕಾರರು ಪೈಪು ಕೆಳಗಿಟ್ಟು ಬಂದು ಬಟ್ಟಲು ಇಸಿದುಕೊಂಡರು. ಕುರ್ಚಿಯಲ್ಲಿ ಕೂತಿದ್ದ ನನ್ನ ತಾಯಿಗೆ ಎದ್ದು ಮೇಲಿನಿಂದ ತೆಗೆದುಕೊಳ್ಳುವ ತ್ರಾಣವಿರಲಿಲ್ಲ. ಅವರು ಬಟ್ಟಲನ್ನು ವಾಲಿಸಿ ಕಂಬಿಯ ಸಂದಿಯಲ್ಲಿ ತೂರಿಸಲು ನೋಡಿದರು. ಪಾಯಸ ಅವರ ಬಿಳಿ ಪಂಚೆಯ ಮೇಲೆಯೂ ಮಲ್ಲಿಗೆ ಗಿಡದ ಮೇಲೆಯೂ ಚೆಲ್ಲಿತು.

‘ನೋಡ್ದೇನಕ್ಕ?’ ಎಂದರಂತೆ ಅವರ ಹೆಂಡತಿ, ನನ್ನ ತಾಯಿಯನ್ನು ನೋಡುತ್ತ. ‘ಊರಿಗೆಲ್ಲ ಲೋಡುಗಟ್ಲೆ ಕಾಯಿ ಕಳಿಸಿದೋರು. ಒಂದು ಬಟ್ಲು ಪಾಯಸ ಪಕ್ಕದ ಮನೆಗೆ ಕಳ್ಸಾಕೆ ಆಗ್ಲಿಲ್ಲ.’

ತಾಯಿಗೆ ನಗು ತಡೆಯಲಾಗಲಿಲ್ಲ. ಆಕೆಯೂ ನಕ್ಕರು. ಸಾವ್ಕಾರರು ನಗಲಿಲ್ಲ. ಪಂಚೆ ಬದಲಿಸಲು ಒಳಗೆ ಹೋದರು.

ಅದಾದ ಕೆಲವೇ ದಿನಕ್ಕೆ ವೆಲ್ಡಿಂಗ್‌ನವನು ಬಂದು ಗ್ರಿಲ್ ಕತ್ತರಿಸತೊಡಗಿದ. ಸದ್ದು ಕೇಳಿ ಡ್ರೈವರು ತಮ್ಮ ಗೇಟಿಗೆ ಓಡಿ ಬಂದರು. ಅಲ್ಲಿಂದ ಮುಂದಕ್ಕೆ ಹೋಗಲಿಲ್ಲ. ‘ನಾನು ಹೋದ್ರೆ ಮತ್ತೆ ನಿಲ್ಸಿಬಿಟ್ಟಾರು’ ಎಂದು ಪಿಸುಗುಟ್ಟಿದರು. ಕೆಲಸ ಮುಗಿದಮೇಲೆ ಸಾವ್ಕಾರರೇ ಇವರ ಮುಂದೆ ಹಾದುಹೋಗುತ್ತ, ನಿಲ್ಲದೆ ಹೇಳಿದರು: ‘ಸಂಪಿಗೆ ಗಿಡ ಮಾತ್ರ ಮುಟ್ಟಬ್ಯಾಡ್ರಿ.’

ಸಂಪಿಗೆಯನ್ನು ಯಾರೂ ಮುಟ್ಟಲಿಲ್ಲ. ಹಾದಿ ಅಲ್ಲಿ ಸ್ವಲ್ಪ ಸೊಟ್ಟಗೆ ತಿರುಗಿ ಮುಂದಕ್ಕೆ ಹೋಗುತ್ತದೆ. ಇಬ್ಬರ ನಡುವೆ ಆಮೇಲೂ ಸ್ನೇಹವೇನೂ ಬೆಳೆಯಲಿಲ್ಲ. ಎದುರಾದರೆ ತಲೆಯಾಡಿಸುತ್ತಿದ್ದರು, ಅಷ್ಟೇ.

ತಾಯಿ ಮೊದಲ ಸಲ ಆ ಮನೆಯೊಳಗೆ ಹೋಗಿ ಕೂತು ಬಂದ ದಿನ ಏನು ಮಾತಾಡಿದಿರಿ ಎಂದು ಕೇಳಿದೆ. ‘ಏನೂ ಇಲ್ಲ. ಎಲ್ಲಾ ಫೋನಿನಾಗೇ ಆಗೋಗಿತ್ತು. ಸುಮ್ನೆ ಕುಂತಿದ್ವಿ’ ಎಂದರು. ಅವರ ಮುಖದಲ್ಲಿ ಅಂಥ ಸಮಾಧಾನವನ್ನು ನಾನು ಬಹಳ ಕಾಲದಿಂದ ಕಂಡಿರಲಿಲ್ಲ. ಅಂದಿನಿಂದ ಮಂಡಿಗೆ ಹಚ್ಚುವ ಎಣ್ಣೆಯ ಬಾಟಲಿ ಬೇಗ ಖಾಲಿಯಾಗುತ್ತಿತ್ತು. ನೋವು ಹೋಗಲಿಲ್ಲ. ನೋವಿದ್ದರೂ ಹೋಗಲು ಈಗ ಒಂದು ಕಡೆ ಇತ್ತು.

ಡ್ರೈವರು ಮಾಡಿದ್ದನ್ನು ದೊಡ್ಡದು ಮಾಡಿ ಹೇಳುವ ಇಚ್ಛೆ ನನಗಿಲ್ಲ. ಆದದ್ದು ಒಂದು ಬೀದಿ, ಅದರಲ್ಲೂ ಒಂದೇ ಸಾಲು, ಮೂಲೆಯ ಗುಡಿಯವರೆಗೆ. ಗುಡಿಯ ಆಚೆ ದೊಡ್ಡ ರಸ್ತೆ. ಅದನ್ನು ದಾಟಿದರೆ ಔಷಧಿ ಅಂಗಡಿ, ಬಸ್ ಸ್ಟಾಪು. ಅಲ್ಲಿ ನಮ್ಮ ಬೀದಿಯ ವಯಸ್ಸಾದವರು ಇಂದಿಗೂ ದಾಟಲಾರರು. ಅಲ್ಲಿ ಜನ ದಾಟಲು ಬಿಳಿ ಪಟ್ಟೆ ಬಳಿಸಬೇಕೆಂದು ಡ್ರೈವರು ಕೊನೆಯವರೆಗೂ ಓಡಾಡಿದರು. ಒಮ್ಮೆ ನಗರಸಭೆಯವರು ಬಳಿದರು ಕೂಡ. ಯಾವ ಗಾಡಿಯೂ ಅದಕ್ಕೆ ನಿಲ್ಲಲಿಲ್ಲ. ಬಣ್ಣ ಮಾಸಿತು. ‘ಬೀದಿಯೋರನ್ನ ಒಪ್ಪಿಸಬಹುದು ಮೇಷ್ಟ್ರೇ, ಹಾದು ಹೋಗೋರನ್ನ ಎಲ್ಲಿ ಹಿಡಿಯಾದು’ ಎಂದಿದ್ದರು.

ಹಿರಿಯೂರಿಗೆ ಕೊಟ್ಟಿದ್ದ ಮಗಳ ಮನೆಗೆ ಹೋದವರು ಅಲ್ಲೇ, ಮಧ್ಯಾಹ್ನ ಊಟ ಮಾಡಿ ಮಲಗಿದಲ್ಲೇ ತೀರಿಕೊಂಡರು. ಎದೆನೋವೆಂದು ಹೇಳುವಷ್ಟೂ ಹೊತ್ತು ಸಿಗಲಿಲ್ಲವಂತೆ. ಮರುದಿನ ಬೆಳಿಗ್ಗೆ ಅವರನ್ನು ಚಿತ್ರದುರ್ಗಕ್ಕೆ ತಂದು ಮನೆಯ ಮುಂದಿನ ಪಡಸಾಲೆಯಲ್ಲಿ ಮಲಗಿಸಿದರು.

ನಮ್ಮ ಬೀದಿಯಲ್ಲಿ ಸಾವಾದರೆ ಪ್ರಾಯದವರಷ್ಟೇ ಮನೆಗೆ ಹೋಗುವುದು ರೂಢಿಯಾಗಿಬಿಟ್ಟಿತ್ತು. ವಯಸ್ಸಾದವರು ತಮ್ಮ ಜಗಲಿಯಲ್ಲೇ ಕೂತು, ಹೆಣ ಮುಂದೆ ಹಾದುಹೋಗುವಾಗ ಕೈ ಮುಗಿಯುತ್ತಿದ್ದರು. ಅಂದು ಬಿಸಿಲು ಏರುವ ಮೊದಲೇ ಅವರು ಬರತೊಡಗಿದರು. ಕೋಲೂರಿಕೊಂಡು ಬಂದವರು, ಗೋಡೆ ಹಿಡಿದು ಬಂದವರು, ಸೊಸೆಯ ಭುಜ ಹಿಡಿದು ಬಂದವರು. ಸಾವ್ಕಾರರು ಹೆಂಡತಿಯ ಕೈ ಹಿಡಿದು ನಿಧಾನಕ್ಕೆ ನಡೆಸಿಕೊಂಡು ಬಂದರು. ಎದುರು ಸಾಲಿನ ಇಬ್ಬರು ಮುದುಕರನ್ನು ಅವರ ಮನೆಯವರು ರಸ್ತೆ ದಾಟಿಸಿ ಕರೆತಂದರು. ನನ್ನ ತಾಯಿ ಎಲ್ಲರಿಗಿಂತ ಮೊದಲೇ ಹೋಗಿ ತಲೆಯ ಬಳಿ ಕೂತಿದ್ದರು. ಪಡಸಾಲೆ ತುಂಬಿ, ಬಂದವರಿಗೆ ಕುರ್ಚಿ ಸಾಲದೆ, ನಾವು ಮನೆಮನೆಯಿಂದ ಹೊತ್ತು ತಂದು ಹಾಕಿದೆವು.

ಅಳುತ್ತಿದ್ದ ಅವರ ಹೆಂಡತಿ ಒಂದು ಗಳಿಗೆ ಅಳು ನಿಲ್ಲಿಸಿ, ಸೆರಗಿನಿಂದ ಕಣ್ಣೊರೆಸಿಕೊಂಡು, ಕೂತಿದ್ದ ನರೆತ ತಲೆಗಳನ್ನೆಲ್ಲ ಒಂದೊಂದಾಗಿ ನೋಡಿದರು.

‘ಅಕ್ಕ, ಇವರೆಲ್ಲ ನಮ್ಮ ಬೀದಿಯೋರೇನು?’ ಎಂದು ನನ್ನ ತಾಯಿಯನ್ನು ಕೇಳಿದರು. ‘ಇಷ್ಟು ಮಂದಿ ಅದಾರೆ ಅಂತ ನಂಗೆ ಗೊತ್ತೇ ಇರ್ಲಿಲ್ಲ.’